ಖಿನ್ನತೆಯ ಮಾತ್ರೆ, ಮಗುವಿನ ಹೃದಯದಲ್ಲಿ ರಂಧ್ರ: ಕೇಸು ಹಾಕಬಹುದೇ?

ಪ್ರಶ್ನೆ: ಮನೋವೈದ್ಯರು ಬರೆದುಕೊಟ್ಟ ಪ್ಯಾರಾಕ್ಸೆಟಿನ್ ಮಾತ್ರೆಯನ್ನು ಗರ್ಭಿಣಿಯಾದ ಮೇಲೂ ನುಂಗುತ್ತಿದ್ದೆ. ಮಗುವಿನ ಹೃದಯದಲ್ಲಿ ರಂಧ್ರವಿದೆ. ನನ್ನದೇ ತಪ್ಪು ಅಂತಾರೆ ಅತ್ತೆ. ಪರಿಹಾರ ಕೇಳಬಹುದೇ?
– ಬ್ರಹ್ಮಾವರದ ಓದುಗರು

ಉತ್ತರ: ಮೊದಲು ಅತ್ತೆಯ ಮಾತು. ವೈದ್ಯರು ಬರೆದ ಮಾತ್ರೆಯನ್ನು ನುಂಗಿದ್ದು ನಿಮ್ಮ ತಪ್ಪಲ್ಲ, ಅಮ್ಮಾ. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಿಗೂ ಹೃದಯದ ದೋಷವಿರುವ ಮಕ್ಕಳು ಹುಟ್ಟುತ್ತಾರೆ, ನೂರಕ್ಕೆ ಸುಮಾರು ಒಂದರಂತೆ. ನಿಮಗೆ ಸಮಾಧಾನ ಕೊಡುವ ಈ ಲೆಕ್ಕವನ್ನೇ ಎದುರು ಪಕ್ಷದ ವಕೀಲರೂ ಹಿಡಿದುಕೊಳ್ಳುತ್ತಾರೆ.

ಕೇಸು ಹಾಕಬಹುದು. ಅದಕ್ಕೆ ಮುಂಚೆ ತಾಯಿ ಕಾರ್ಡ್ ಮತ್ತು ಮನೋವೈದ್ಯರ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು ಐದರಿಂದ ಹತ್ತನೇ ವಾರದೊಳಗೆ ಮಗುವಿನ ಹೃದಯ ರೂಪುಗೊಳ್ಳುತ್ತದೆ. ಆ ವಾರಗಳಲ್ಲಿ ಮಾತ್ರೆ ನಡೆಯುತ್ತಿತ್ತೇ? ಐದನೇ ತಿಂಗಳಲ್ಲಿ ಶುರುವಾಗಿದ್ದರೆ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ನನ್ನ ಮೇಜಿಗೆ ಬಂದ ಒಬ್ಬರ ಪ್ಲಾಸ್ಟಿಕ್ ಕವರಿನಲ್ಲಿ ಹದಿನೇಳು ಬಿಲ್ಲುಗಳಿದ್ದವು. ಶಾಯಿ ಪೂರ್ತಿ ಮಾಸಿ, ತಾರೀಕು ಓದಲು ಸಿಕ್ಕಿದ್ದು ಮೂರರಲ್ಲಿ ಮಾತ್ರ. ಆಸ್ಪತ್ರೆಯ ದಾಖಲೆಗೂ ಬರಹದಲ್ಲೇ ಅರ್ಜಿ ಕೊಡಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ.

ನಿಮ್ಮ ಮಾತ್ರೆಯ ಹೆಸರಿಗೂ ತೂಕವಿದೆ. ಪ್ಯಾರಾಕ್ಸೆಟಿನ್‌ನಿಂದ ಹೃದಯದ ದೋಷದ ಅಪಾಯ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. 2009ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ, ತಯಾರಕ ಕಂಪನಿ ವೈದ್ಯರಿಗೆ ಸರಿಯಾಗಿ ಎಚ್ಚರಿಕೆ ಕೊಡಲಿಲ್ಲವೆಂದು ಒಂದು ಕುಟುಂಬಕ್ಕೆ 25 ಲಕ್ಷ ಡಾಲರ್ ಪರಿಹಾರ ಹೇಳಿತು. ಖಿನ್ನತೆಗೇ ಕೊಡುವ ಸರ್ಟ್ರಲಿನ್ ಎಂಬ ಇನ್ನೊಂದು ಮಾತ್ರೆಯ ಮೇಲೆ 2015ರಲ್ಲಿ ಅಮೆರಿಕದಲ್ಲೇ ನಡೆದ ವಿಚಾರಣೆಗಳಲ್ಲಿ ಗೆದ್ದಿದ್ದು ಕಂಪನಿ. ಈ ತೀರ್ಪುಗಳಿಗೆ ನಮ್ಮ ಗ್ರಾಹಕ ಆಯೋಗ ಕಟ್ಟುಬೀಳಬೇಕಿಲ್ಲ.

ಇಲ್ಲಿ ನಿಮ್ಮ ಆಧಾರ 2019ರ ಗ್ರಾಹಕ ರಕ್ಷಣಾ ಕಾಯ್ದೆ. ಪೊಟ್ಟಣದ ಜೊತೆಗಿನ ಚೀಟಿಯಲ್ಲಿ ಗರ್ಭಿಣಿಯರಿಗೆ ಎಚ್ಚರಿಕೆ ಇಲ್ಲದಿದ್ದರೆ ಕಂಪನಿಯನ್ನು ಕೇಳಬಹುದು. ಎಚ್ಚರಿಕೆ ಇದ್ದೂ ವೈದ್ಯರು ನಿಮಗೆ ಹೇಳದಿದ್ದರೆ ಪ್ರಶ್ನೆ ವೈದ್ಯರಿಗೆ. ಅಪಾಯವನ್ನೂ ಬದಲಿ ದಾರಿಯನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮಗುವಿನಂತೆ ತಂದೆತಾಯಿಯೂ ಗ್ರಾಹಕರೇ ಎಂದು 1998ರಲ್ಲೇ ಹೇಳಿದೆ. ಹಾಗಾಗಿ ಇಬ್ಬರ ಪರವಾಗಿಯೂ ಪರಿಹಾರ ಕೇಳಿ.

ವೈದ್ಯರು ಮಂಗಳೂರಿನವರಾದರೂ ನೀವು ವಾಸವಿರುವ ಉಡುಪಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ತಡವಾಗಿದ್ದರೆ ಸರಿಯಾದ ಕಾರಣ ತೋರಿಸಬೇಕು. ಚಿಕಿತ್ಸೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಮಾತ್ರ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, 15100ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಕಷ್ಟದ್ದು, ಮಾತ್ರೆಯಿಂದಲೇ ಹೀಗಾಯಿತೆಂದು ಬರೆದುಕೊಡುವ ತಜ್ಞ ವೈದ್ಯರನ್ನು ಹುಡುಕುವುದು. ಎಲ್ಲ ಡಾಕ್ಟರಿಗೂ ಎಲ್ಲರ ಪರಿಚಯವಿರುವ ನಮ್ಮೂರಲ್ಲಿ ಅದು ಸುಲಭವಲ್ಲ. ಊರಾಚೆಯವರ ಅಭಿಪ್ರಾಯ ಪಡೆಯುವುದೇ ಒಳ್ಳೆಯದು.

ಮಾತ್ರೆ ಈಗಲೂ ನಡೆಯುತ್ತಿದ್ದರೆ ಇದನ್ನೋದಿ ಹೆದರಿ ತಟ್ಟನೆ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಿದರೆ ನಿಮಗೂ ಮಗುವಿಗೂ ಕಷ್ಟ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಗರ್ಭ ನಿಲ್ಲುವ ಮೊದಲೇ ಮನೋವೈದ್ಯರನ್ನೂ ಹೆರಿಗೆ ವೈದ್ಯರನ್ನೂ ಕಂಡು, ಮಾತ್ರೆ ಬದಲಿಸಬೇಕೇ ಎಂದು ಕೇಳಿ.