ಎತ್ತರ ಐದು ಪಾಯಿಂಟ್ ಎಷ್ಟು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಆರೋಗ್ಯದ ಸರ್ವೆ ಮಾಡುತ್ತಿದ್ದೇವೆ. ಮನೆಮನೆಗೆ ಹೋಗಿ ಅಳೆಯೋದು ಆಗದ ಮಾತು. ಎತ್ತರ, ತೂಕ, ಸೊಂಟದ ಸುತ್ತಳತೆಯನ್ನು ಜನ ಮೊಬೈಲಿನಲ್ಲೇ ತುಂಬಬೇಕು. ಸರಿಯಾಗಿ ತುಂಬುತ್ತಾರಾ? ಇಲ್ಲದಿದ್ದರೆ ಏನು ಮಾಡೋದು?
– ವಿಜಯನಗರದಿಂದ ಒಬ್ಬ ಓದುಗರು

ಉತ್ತರ: ಪೂರ್ತಿ ಸರಿಯಾಗಿ ತುಂಬುವುದಿಲ್ಲ. ಹಾಗಂತ ಸುಳ್ಳು ಹೇಳುತ್ತಾರೆ ಅಂದುಕೊಳ್ಳಬೇಡಿ. ಜಾಸ್ತಿ ಜನಕ್ಕೆ ತಮ್ಮ ಅಳತೆ ಗೊತ್ತೇ ಇರುವುದಿಲ್ಲ, ಅಷ್ಟೇ.

ಗಾಂಧಿ ಬಜಾರಿನಲ್ಲಿ ಬ್ಲೌಸ್ ಹೊಲಿಸಲು ಹೋಗಿ ನೋಡಿ. ಟೈಲರ್ ನಿಮ್ಮ ಸುತ್ತಳತೆ ಎಷ್ಟು ಅಂತ ಕೇಳುವುದಿಲ್ಲ. "ಅಳತೆ ಬ್ಲೌಸ್ ತಂದಿದ್ದೀರಾ ಅಮ್ಮಾ?" ಅನ್ನುತ್ತಾರೆ. ತಂದಿಲ್ಲ ಅಂದರೆ ಕುತ್ತಿಗೆಯಲ್ಲಿ ನೇತಾಡುವ ಟೇಪು ಕೈಗೆ ಬರುತ್ತದೆ. ಬಾಯಿಮಾತಿನ ನಂಬರ್ ನಂಬಿ ಬಟ್ಟೆಗೆ ಕತ್ತರಿ ಹಾಕುವವರನ್ನು ನಾನಂತೂ ಕಂಡಿಲ್ಲ. ನಿಮ್ಮ ಫಾರ್ಮೂ ಹೀಗೇ ಇರಲಿ. ಮೊದಲು ಅಳೆಯಿರಿ ಅನ್ನಲಿ, ಆಮೇಲೆ ಎಷ್ಟು ಅಂತ ಕೇಳಲಿ.

ಜನ ತಪ್ಪುವುದಕ್ಕೂ ಒಂದು ದಾರಿ ಇದೆ. ಎತ್ತರ ಸ್ವಲ್ಪ ಏರುತ್ತದೆ, ತೂಕ ಸ್ವಲ್ಪ ಇಳಿಯುತ್ತದೆ. ವಯಸ್ಸಾದವರು ಯೌವನದ ಎತ್ತರವನ್ನೇ ಹೇಳುತ್ತಾರೆ, ಬೆನ್ನು ಕುಗ್ಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ತೂಕ ಕೇಳಿದರೆ 60, 65, 70 ಅಂತ ದುಂಡಗಿನ ಉತ್ತರ. ಇಷ್ಟರಿಂದ ಏನು ಮಹಾ ಅನಿಸುತ್ತೆ ಅಲ್ವಾ? ನಿಜವಾಗಿ 165 ಸೆಂ.ಮೀ., 72 ಕೆಜಿ ಇರುವವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ತೋರಿಸುವ ಅಂಕಿ, 26.4. ಅವರೇ 168 ಮತ್ತು 70 ಅಂತ ಬರೆದರೆ 24.8. ಭಾರತೀಯರಿಗೆ ಬಿಎಂಐ 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಮೂರು ಸೆಂಟಿಮೀಟರ್, ಎರಡು ಕೆಜಿಯಲ್ಲಿ ಬೊಜ್ಜು ಮಾಯ! ಅದಕ್ಕೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಇವನ್ನು ಕೇಳಿ ಬರೆದುಕೊಳ್ಳಲಿಲ್ಲ. ಮನೆಗೇ ಹೋಗಿ ಎತ್ತರ, ತೂಕ, ಸೊಂಟ ಎಲ್ಲ ಅಳೆದರು.

ಇನ್ನು ನಮ್ಮ ಕಡೆಯದ್ದೇ ಒಂದು ಕಾಟ: "ಐದು ಪಾಯಿಂಟ್ ಆರು." ಹೇಳುವವರ ಮನಸ್ಸಿನಲ್ಲಿರುವುದು ಐದು ಅಡಿ ಆರು ಇಂಚು, ಅಂದರೆ 167.6 ಸೆಂ.ಮೀ. ಕಂಪ್ಯೂಟರಿಗೆ ಅದು 5.6 ಅಡಿ, 170.7 ಸೆಂ.ಮೀ. ಇದಾದರೂ ಪರವಾಗಿಲ್ಲ. ನಾನೇ ಒಂದು ಶಿಬಿರದ ಪಟ್ಟಿ ತಯಾರಿಸಿದಾಗ ಆರಡಿಗೆ ಹತ್ತಿರದ ಹುಡುಗನೊಬ್ಬ 5.10 ಅಂತ ಬರೆದಿದ್ದ. ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 5.1 ಮಾಡಿತು. ನಾನು ಅದನ್ನು ಐದಡಿ ಒಂದಿಂಚು ಅಂತ ಓದಿಕೊಂಡೆ. ಒಂಬತ್ತು ಇಂಚು ಹೋಯಿತು. ಅಡಿಗೊಂದು ಖಾನೆ, ಇಂಚಿಗೊಂದು ಖಾನೆ ಬೇರೆ ಬೇರೆ ಇಡಿ. ಸೆಂಟಿಮೀಟರ್ ಗೊತ್ತಿದ್ದವರಿಗೆ ಅದಕ್ಕೂ ಜಾಗ ಇರಲಿ.

ಎತ್ತರ ಅಳೆಯುವುದನ್ನು ಫೋಟೊ ಹಾಕಿ ತೋರಿಸಿ. ಬೆಂಗಳೂರಿನ ಮನೆಗಳಲ್ಲಿ ಗೋಡೆಯ ಬುಡಕ್ಕೆ ಟೈಲ್ಸ್ ಸ್ಕರ್ಟಿಂಗ್ ಇರುತ್ತೆ. ಹಿಮ್ಮಡಿ ಅದಕ್ಕೆ ತಾಗಿ ನಿಲ್ಲುತ್ತದೆ, ಬೆನ್ನು ಗೋಡೆಗೆ ತಾಗಲು ಹಿಂದಕ್ಕೆ ವಾಲುತ್ತದೆ. ಹಾಗಾಗಿ ಬಾಗಿಲ ಚೌಕಟ್ಟೋ ಬೀರುವೋ ವಾಸಿ. ಚಪ್ಪಲಿ ಬಿಡಬೇಕು, ತುರುಬು ಬಿಚ್ಚಬೇಕು, ನೇರ ಮುಂದೆ ನೋಡಬೇಕು. ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಮಟ್ಟವಾಗಿಟ್ಟು ಇನ್ನೊಬ್ಬರು ಪೆನ್ಸಿಲ್ ಗುರುತು ಹಾಕಬೇಕು. ಒಬ್ಬರೇ ಕೈ ಮೇಲೆತ್ತಿ ಗುರುತು ಹಾಕಿಕೊಂಡರೆ ಪುಸ್ತಕ ಓರೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ಮನುಷ್ಯ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತಾನೆ, ಅದಕ್ಕೆ ಎಲ್ಲರಿಗೂ ಒಂದೇ ಹೊತ್ತು ಗೊತ್ತು ಮಾಡಿ.

ಸೊಂಟಕ್ಕೆ ಪ್ಯಾಂಟ್ ಸೈಜ್ ಬರೆಯುವವರೇ ಜಾಸ್ತಿ. 34ರ ಪ್ಯಾಂಟು ಕೂರುವುದು ಹೊಟ್ಟೆಯ ಕೆಳಗೆ, ಮೇಲಾಗಿ ಲೇಬಲ್ಲಿನ 34 ಅಂಗಡಿಗೊಂದು ಥರ. ಟೇಪು ಹಿಡಿಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಅದೂ ಉಸಿರನ್ನು ಸುಮ್ನೆ ಹೊರಬಿಟ್ಟ ಮೇಲೆ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ ಅಂತ ಬಾಯಿಬಿಟ್ಟು ಬರೆಯಿರಿ, ಸಂಕೋಚ ಬೇಡ.

ತೂಕಕ್ಕೆ ಇನ್ನೊಂದು ಪ್ರಶ್ನೆ ಜೊತೆಗಿರಲಿ: ಕೊನೆಯ ಸಲ ಯಾವಾಗ, ಎಲ್ಲಿ ನೋಡಿಸಿದಿರಿ? ಮೊನ್ನೆ ಕ್ಲಿನಿಕ್ಕಿನಲ್ಲಿ ನೋಡಿಸಿದ ತೂಕವೂ, ಮದುವೆಗೆ ಮುಂಚೆ ರೈಲ್ವೆ ಸ್ಟೇಷನ್ನಿನ ಯಂತ್ರಕ್ಕೆ ಕಾಸು ಹಾಕಿ ತೆಗೆದ ಚೀಟಿಯೂ ಒಂದೇ ಅಲ್ಲ. "ಗೊತ್ತಿಲ್ಲ" ಅನ್ನುವ ಆಯ್ಕೆಯೂ ಇರಲಿ. ಊಹೆಯ ನಂಬರಿಗಿಂತ ಖಾಲಿ ಖಾನೆ ಮೇಲು. ಅತ್ತೆ, ಸೊಸೆ, ಪಕ್ಕದ ಮನೆಯವರು ಒಟ್ಟಿಗೆ ಕೂತಿರುವಾಗ ತೂಕ ಕೇಳಬೇಡಿ.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ತಪ್ಪು ಉಳಿಯುತ್ತದೆ. ಫಾರ್ಮಿನ ಮೇಲೇ ಬರೆದುಬಿಡಿ: "ಆಮೇಲೆ ಕೆಲವು ಮನೆಗಳಿಗೆ ಬಂದು ಅಳೆಯುತ್ತೇವೆ." ಇದನ್ನು ಓದಿದವರು ಹುಷಾರಾಗಿ ಬರೆಯುತ್ತಾರೆ. ಆಮೇಲೆ ನಿಜವಾಗಿಯೂ ಹೋಗಿ. ಬನ್ನಿ ಅಂದವರ ಮನೆಗಷ್ಟೇ ಹೋಗಬೇಡಿ, ಅವರು ಮೊದಲೇ ಫಿಟ್ ಆಗಿರುವವರು. ಚೀಟಿ ಎತ್ತಿ ಮನೆ ಆರಿಸಿ. ಬರೆದದ್ದಕ್ಕೂ ಅಳೆದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಗಂಡಸರು, ಹೆಂಗಸರು, ವಯಸ್ಸಾದವರಿಗೆ ಬೇರೆ ಬೇರೆ ಲೆಕ್ಕ ಹಾಕಿ. ಆ ವ್ಯತ್ಯಾಸದಿಂದ ಇಡೀ ಬಡಾವಣೆಯ ಸರಾಸರಿ ಸರಿಪಡಿಸಬಹುದು. ಒಬ್ಬೊಬ್ಬರ ನಂಬರನ್ನು ತಿದ್ದಲು ಮಾತ್ರ ಅದು ಬಾರದು.

ಹೊರಡುವ ಮುಂಚೆ ನಿಮ್ಮ ತೂಕದ ಯಂತ್ರವನ್ನೂ ಒಮ್ಮೆ ನೋಡಿ. ಗಟ್ಟಿ ನೆಲದ ಮೇಲಿಟ್ಟು ಇನ್ನೂ ಬಿಚ್ಚದ ಅಕ್ಕಿ ಮೂಟೆ ಹೇರಿ. ಮೂಟೆಯ ಮೇಲಿನ ನಂಬರನ್ನು ಸರಿಯಾಗಿ ಓದಿಕೊಳ್ಳಿ. 2022ರಲ್ಲಿ 25 ಕೆಜಿವರೆಗಿನ ಪ್ಯಾಕೆಟ್ಟಿಗೆ ಜಿಎಸ್‌ಟಿ ಬಂದ ಮೇಲೆ ಅಂಗಡಿಯಲ್ಲಿ 26 ಕೆಜಿ ಮೂಟೆಗಳೂ ಬಂದಿವೆ.