ಡ್ರಮ್ಮಿನ ಡೀಸೆಲ್, ಬಾಟಲಿಯ ನೀರು

ಕಳೆದ ಸುಗ್ಗಿಯಲ್ಲಿ ಕಾರಟಗಿ ಹತ್ತಿರ ನಮ್ಮ ಕಾಕಾನ ಪಿಕಪ್ ಗಾಡಿ ಕಾಲುವೆ ಏರಿ ಹತ್ತಲು ಒಲ್ಲೆ ಅಂತ ಹಟ ಹಿಡಿಯಿತು. ಹಿಂದೆ ಭತ್ತದ ಚೀಲಗಳು. ಬಯಲಲ್ಲಿ ಚೆನ್ನಾಗೇ ಓಡಿದ ಗಾಡಿ, ಏರು ಬಂದ ಕೂಡಲೇ ಸೋತು ಹೋಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಳೆತ ಇಲ್ಲ. ಹೊಗೆಯೂ ಇಲ್ಲ.

ಗಂಗಾವತಿಯ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಕಳಚಿದ. ಒಳಗಿದ್ದದ್ದನ್ನು ಖಾಲಿ ನೀರಿನ ಬಾಟಲಿಗೆ ಸುರಿದು ಕಟ್ಟೆ ಮೇಲೆ ಇಟ್ಟ. ನಾವು ಚಹಾ ಕುಡಿದು ಬರುವಷ್ಟರಲ್ಲಿ, ಇಟ್ಟ ಮಜ್ಜಿಗೆಯಲ್ಲಿ ತಿಳಿ ನಿಲ್ಲುತ್ತದಲ್ಲ, ಹಾಗೆ ಪದರ ಬೇರೆಯಾಗಿತ್ತು. ಮೇಲೆ ಡೀಸೆಲ್, ತಳದಲ್ಲಿ ಎರಡು ಬೆರಳು ನೀರು, ನಡುವೆ ಕಂದು ಲೋಳೆ.

"ಕಾಕಾ, ಡೀಜಲ್ ಎಲ್ಲಿ ಹಾಕಸ್ತೀರಿ?"

"ಬಂಕಿನಾಗ. ಸುಗ್ಗ್ಯಾಗ ಮಾತ್ರ ಹೊಲದಾಗಿನ ಡ್ರಮ್ಮಿಂದು."

"ಹಂಗಾರ ಫಿಲ್ಟರಿಂದೇನೂ ತಪ್ಪಿಲ್ಲ ಬಿಡ್ರಿ."

"ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಸೈತ ಆಗಿಲ್ಲೋ ಮಾರಾಯಾ!"

ಕಾಕಾ ಹೇಳಿದ್ದು ಸುಳ್ಳಲ್ಲ. ಡೀಸೆಲ್ ಗಾಡಿಗಳ ಜೊತೆ ಕೊಡುವ ಪುಸ್ತಕದಲ್ಲಿ ಫಿಲ್ಟರ್ ಬದಲಿಸಲು ಸಾಮಾನ್ಯವಾಗಿ 20,000ದಿಂದ 40,000 ಕಿ.ಮೀ. ನಡುವಿನ ಯಾವುದೋ ಒಂದು ಲೆಕ್ಕ ಇರುತ್ತದೆ. ಆದರೆ ಫಿಲ್ಟರಿಗೆ ಕಿಲೋಮೀಟರ್ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನೊಳಗೆ ಎಷ್ಟು ಡೀಸೆಲ್ ಹರಿಯಿತು, ಅದು ಎಂಥದ್ದು ಅನ್ನುವುದು ಮಾತ್ರ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ 20,000 ಕಿ.ಮೀ. ಓಡಲು ಸುಮಾರು 1,670 ಲೀಟರ್ ಸುಡುತ್ತದೆ. ಫಿಲ್ಟರ್ ದಾಟುವುದು ಅದಕ್ಕಿಂತ ಜಾಸ್ತಿ. ಪಂಪ್ ಎಳೆದುಕೊಂಡದ್ದರಲ್ಲಿ ಇಂಜಿನ್ ಸುಟ್ಟು ಮಿಕ್ಕಿದ್ದು ತಿರುಗಿ ಟ್ಯಾಂಕಿಗೇ ಬರುತ್ತದೆ, ಮತ್ತೆ ಫಿಲ್ಟರಿಗೆ ಹೋಗುತ್ತದೆ.

ಇಷ್ಟು ಸೋಸುವುದು ಯಾಕೆ? ಈಗಿನ ಕಾಮನ್ ರೈಲ್ ಇಂಜಿನ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಇಂಜಿನ್‌ನಲ್ಲಿ, ಡೀಸೆಲ್ಲಿನ ಒತ್ತಡ 1,600 ಬಾರ್, ಕೆಲವದರಲ್ಲಿ 2,000 ಬಾರ್. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಅಂದರೆ ಅಂದಾಜು ಸಿಗುತ್ತದೆ. ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿಯ ತೂತು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ತಲೆಗೂದಲನ್ನು ಕಷ್ಟಪಟ್ಟು ತೂರಿಸಬಹುದು. ಒಳಗೆ ಜಾರುವ ಭಾಗಗಳ ನಡುವಿನ ಸಂದು ಇನ್ನೂ ಸಣ್ಣದು: ಎರಡು ಮೂರು ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೇ ಕಾಣದ ಒಂದು ಮಣ್ಣಿನ ಕಣ ಅಲ್ಲಿ ಸಿಕ್ಕಿಕೊಂಡು ಉಕ್ಕನ್ನು ಗೀರಿತೆಂದರೆ ಮುಗೀತು.

ಫಿಲ್ಟರಿನ ಒಳಗಿರುವುದು ಬೀಸಣಿಗೆ ಹಾಗೆ ಮಡಿಚಿದ ಕಾಗದ. ವಿಚಿತ್ರ ಅಂದರೆ, ಕೊಳೆ ಹಿಡಿದಷ್ಟೂ ಅದು ಇನ್ನೂ ನುಣ್ಣಗೆ ಸೋಸುತ್ತದೆ. ಕಾಗದದ ಮೇಲೆ ಕೂತ ಕೊಳೆಯೇ ಇನ್ನೊಂದು ಜರಡಿಯಾಗುತ್ತದೆ. ಹಾಗಾದರೆ ಹಳೆಯದೇ ವಾಸಿ ಅಲ್ವಾ? ಡೀಸೆಲ್ ಹರಿಯಬೇಕಲ್ಲ! ಬಯಲಲ್ಲಿ ಮೆಲ್ಲಗೆ ಹೋಗುವಾಗ ಬೇಕಾಗುವುದು ಕಡಿಮೆ, ಅಷ್ಟನ್ನು ಕಟ್ಟಿದ ಫಿಲ್ಟರ್ ಕೂಡ ಬಿಡುತ್ತದೆ. ಲೋಡ್ ಹಾಕಿಕೊಂಡು ಏರಿ ಹತ್ತುವಾಗ ಬೇಕಾದಷ್ಟು ಸಿಗುವುದಿಲ್ಲ. ಕಾಕಾನ ಗಾಡಿ ಕಾಲುವೆ ಏರಿಯಲ್ಲೇ ಸಿಕ್ಕಿಬಿದ್ದದ್ದು ಇದಕ್ಕೆ.

ಹೊಗೆ ಇರಲಿಲ್ಲ ಅಂದೆನಲ್ಲ, ಅದೂ ಒಂದು ಗುರುತು. ಸಂಡೂರು, ತೋರಣಗಲ್ ಕಡೆ ಅದಿರಿನ ಕೆಂಪು ಧೂಳಲ್ಲಿ ಓಡುವ ಗಾಡಿಗಳಿಗೆ ಮೊದಲು ಕಟ್ಟುವುದು ಏರ್ ಫಿಲ್ಟರ್. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಸುಡದೆ ಕರಿ ಹೊಗೆ ಬರುತ್ತದೆ. ಡೀಸೆಲ್ಲೇ ಕಡಿಮೆ ಬಂದರೆ ಕರಿ ಹೊಗೆ ಎಲ್ಲಿಂದ ಬರಬೇಕು? ಶಕ್ತಿ ಮಾತ್ರ ಹೋಗುತ್ತದೆ. ಎಲ್ಲ ಸಲವೂ ಇಷ್ಟು ಸಲೀಸಾಗಿ ಗೊತ್ತಾಗುತ್ತದೆ ಅಂತಲ್ಲ, ಆದರೆ ಎರಡೂ ಫಿಲ್ಟರ್ ಒಟ್ಟಿಗೆ ಬದಲಿಸುವ ಮುಂಚೆ ಒಮ್ಮೆ ಹಿಂದೆ ನಿಂತು ನೋಡುವುದು ಒಳ್ಳೆಯದು.

ಧೂಳಿಗಿಂತ ನನಗೆ ಹೆಚ್ಚು ಭಯ ನೀರಿನದು. ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅವುಗಳ ಜಾರುಎಣ್ಣೆ. ನೀರಿಗೆ ಆ ಗುಣ ಇಲ್ಲ. ತುಕ್ಕು ಬೇರೆ. ಬಾಟಲಿಯಲ್ಲಿ ಕಂಡ ಲೋಳೆಗೂ ನೀರೇ ಮೂಲ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಕುಡಿಯಲು ಕೆಳಗೆ ನೀರು, ತಿನ್ನಲು ಮೇಲೆ ಡೀಸೆಲ್. ಅವು ಬೆಳೆದು ಫಿಲ್ಟರ್ ಕಾಗದಕ್ಕೆ ಅಂಟಿಕೊಳ್ಳುತ್ತವೆ.

ಬಾಯಿ ಬಿಗಿಮಾಡಿದ ಡ್ರಮ್ಮಿಗೆ ನೀರು ಹೇಗೆ ಹೊಕ್ಕಿತು? ಡ್ರಮ್ಮು ಉಸಿರಾಡುತ್ತದೆ. ನಮ್ಮ ಕಡೆಯ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸುತ್ತಿನ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆ ನೀರು ನಿಂತಿದ್ದರೆ, ಹೀರುವುದು ಆ ನೀರನ್ನೇ. ದಿನಾ ಸ್ವಲ್ಪ ಸ್ವಲ್ಪ.

ಹೊಸ ಫಿಲ್ಟರ್ ಹಾಕುವಾಗ ಅದಕ್ಕೆ ಕ್ಯಾನಿನಿಂದ ಡೀಸೆಲ್ ತುಂಬಿಸೋಣ ಅಂತ ಕಾಕಾ ಅವಸರ ಮಾಡಿದ. ಮೆಕ್ಯಾನಿಕ್ ಬೇಡ ಅಂದ. ಸೋಸಿದ ಕಡೆಗೆ ಸೋಸದ ಡೀಸೆಲ್ ಬಿದ್ದರೆ ಅದು ನೇರ ಪಂಪಿಗೆ ಹೋಗುತ್ತದೆ. ಕೈಪಂಪನ್ನು ಒತ್ತಿ ಒತ್ತಿ, ಗಟ್ಟಿಯಾಗುವ ತನಕ ಗಾಳಿ ತೆಗೆದ. ಹಳೆಯ ಇಂಜಿನ್ನಿನ ಹಾಗೆ ಇಂಜೆಕ್ಟರ್ ಪೈಪು ಸಡಿಲಿಸಿ ಏರ್ ತೆಗೆಯುವುದು ಕಾಮನ್ ರೈಲಿನಲ್ಲಿ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಲೆಕ್ಕ ಕೊನೆಗೆ ಹೀಗೆ ನಿಂತಿತು. ಬರೀ ಬಂಕಿನ ಡೀಸೆಲ್ ಆದರೆ ಪುಸ್ತಕದ ಮಾತು. ಡ್ರಮ್ಮು, ಕ್ಯಾನು ನಡುವೆ ಬಂದರೆ ಅದರ ಅರ್ಧ. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಬಸಿಯುವುದು, ಡೀಸೆಲ್ಲಿನಲ್ಲಿ ನೀರಿದೆ ಅಂತ ಎಚ್ಚರಿಸುವ ದೀಪ ಹತ್ತಿದರೆ ಅವತ್ತೇ. ಮೆಕ್ಯಾನಿಕ್ ಹೊಸ ಫಿಲ್ಟರಿನ ಮೇಲೆ ತಾರೀಕು, ಕಿಲೋಮೀಟರ್ ಎರಡನ್ನೂ ಮಾರ್ಕರಿನಲ್ಲಿ ಬರೆದ. ಸಂಜೆ ಕಾಕಾ ಹೊಲಕ್ಕೆ ಹೋದವನು ಡ್ರಮ್ಮನ್ನು ತಗಡಿನ ಕೆಳಗೆ ಸರಿಸಿ, ಒಂದು ಬದಿಗೆ ಇಟ್ಟಿಗೆ ಕೊಟ್ಟು ವಾಲಿಸಿ ನಿಲ್ಲಿಸಿದ, ಬಿರಡೆ ಎತ್ತರದ ಕಡೆಗೆ ಬರುವ ಹಾಗೆ.