ಪದ ಪರಿಚಯ: ಪ್ರದರ್ಶನ ಅನುಭೋಗ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗಾದೆ ಆ ಮನುಷ್ಯನನ್ನು ದಡ್ಡ ಎಂದು ನಗುತ್ತದೆ. ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ ನಗುವವನಲ್ಲ, ಆ ಹೊತ್ತಿನಲ್ಲಿ ಎಚ್ಚರವಾಗಿದ್ದು ಕೊಡೆಯನ್ನು ನೋಡಿದವರು ಯಾರು ಎಂದು ಕೇಳುವವನು. ಬಳಸುವುದಕ್ಕಿಂತ ಹೆಚ್ಚಾಗಿ ನಾಲ್ಕು ಜನ ನೋಡಲಿ ಎಂದು ಮಾಡುವ ಖರ್ಚಿಗೆ ಅವನು 1899ರಲ್ಲಿ ‘ಕಾನ್‌ಸ್ಪಿಕ್ಯುವಸ್ ಕನ್ಸಂಪ್ಷನ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಪ್ರದರ್ಶನ ಅನುಭೋಗ ಎನ್ನೋಣ.

ಅವನು ಕೊಟ್ಟ ಉದಾಹರಣೆ ಚಮಚದ್ದು. ಕೈಯಿಂದ ಮಾಡಿದ ಬೆಳ್ಳಿ ಚಮಚಕ್ಕೆ ಆಗ 10ರಿಂದ 20 ಡಾಲರ್, ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚಕ್ಕೆ 10ರಿಂದ 20 ಸೆಂಟ್. ಬಾಯಿಗೆ ಊಟ ತಲುಪಿಸುವ ಕೆಲಸವನ್ನು ಎರಡೂ ಒಂದೇ ರೀತಿ ಮಾಡುತ್ತವೆ. ನಡುವಿನ ವ್ಯತ್ಯಾಸವೆಲ್ಲ ಅಂತಸ್ತಿನ ಬೆಲೆ. ವೆಬ್ಲೆನ್ ಅಲ್ಲಿಗೇ ನಿಲ್ಲಲಿಲ್ಲ. ದುಡಿದು ಸಂಪಾದಿಸುವ ಗಂಡಸಿಗೆ ದುಂದು ಮಾಡಲು ಪುರುಸೊತ್ತಿಲ್ಲ, ಅವನ ಪರವಾಗಿ ಹೆಂಡತಿ ಅದನ್ನು ಮಾಡಬೇಕು ಎಂದ. ಕೆಲಸಕ್ಕೆ ಬಗ್ಗಲು ಬಿಡದ ಬಿಗಿಯಾದ ಉಡುಪು ತೊಟ್ಟು ಅವಳು ಸುಮ್ಮನೆ ಕುಳಿತಿದ್ದರೆ ಸಾಕು, ಗಂಡನ ಸಾಹುಕಾರಿಕೆ ಊರಿಗೇ ಗೊತ್ತಾಗುತ್ತದೆ.

ಇದನ್ನೆಲ್ಲ ಪುಸ್ತಕ ಬಿಡಿಸದೆ ತಿಳಿಯಬೇಕೆಂದರೆ ‘ದಿ ರಿಯಲ್ ಹೌಸ್‌ವೈವ್ಸ್’ ನೋಡಬಹುದು. 2006ರ ಮಾರ್ಚ್‌ನಲ್ಲಿ ಅಮೆರಿಕದ ಬ್ರಾವೋ ವಾಹಿನಿಯಲ್ಲಿ ಶುರುವಾದ ರಿಯಾಲಿಟಿ ಸರಣಿ ಇದು, ಸಿರಿವಂತರ ನಡುವೆ ಬದುಕುವ ಹೆಂಗಸರ ಮನೆ, ಪಾರ್ಟಿ, ಜಗಳಗಳ ಹಿಂದೆ ಕ್ಯಾಮೆರಾ ಹೋಗುತ್ತದೆ. ಮೊದಲ ನೆಲೆ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಕೋಟೊ ಡಿ ಕಾಜಾ. ಗೇಟಿನಲ್ಲಿ ಕಾವಲುಗಾರರು, ಒಳಗೆ ದೊಡ್ಡ ದೊಡ್ಡ ಮನೆಗಳು. ಕಾರ್ಯಕ್ರಮವನ್ನು ಹುಟ್ಟುಹಾಕಿದ ಸ್ಕಾಟ್ ಡನ್‌ಲಪ್ ಅಲ್ಲಿಯ ನಿವಾಸಿಯೇ. ಆಮೇಲೆ ನ್ಯೂಯಾರ್ಕ್, ಅಟ್ಲಾಂಟಾ, ನ್ಯೂಜೆರ್ಸಿ, ಬೆವರ್ಲಿ ಹಿಲ್ಸ್ ಎಂದು ಊರೂರಿಗೂ ಹಬ್ಬಿತು. ಮುಂಬೈನ ಚಿತ್ರರಂಗದ ಹೆಂಡತಿಯರನ್ನು ಇಟ್ಟುಕೊಂಡು ನೆಟ್‌ಫ್ಲಿಕ್ಸ್ 2020ರಲ್ಲಿ ತೋರಿಸಿದ್ದೂ ಇದೇ ಜಾತಿಯದು.

ಜನ ನೋಡುವುದು ಜಗಳಕ್ಕಾಗಿ, ಅದೇನೂ ಗುಟ್ಟಲ್ಲ. ಜಗಳ ಬಿಟ್ಟು ನೋಡಿದರೆ ಮೊದಲ ಸೀಸನ್‌ನಲ್ಲೇ ಒಂದು ತಮಾಷೆ ಇದೆ: ಹೆಸರು ‘ಗೃಹಿಣಿಯರು’, ಆದರೆ ಹಲವರು ದುಡಿಯುವವರು. ವಿಕಿ ಗನ್ವಲ್ಸನ್‌ಗೆ ವಿಮಾ ವ್ಯವಹಾರ, ಜೀನಾ ಕಿಯೊಗೆ ಮನೆ ಮಾರಿಸುವ ವ್ಯವಹಾರ. ಲಾರಿ ವೇರಿಂಗ್ ಕಥೆ ಇನ್ನೂ ಚುಚ್ಚುವಂಥದ್ದು. ವಿಚ್ಛೇದನವಾದ ಮೇಲೆ ದೊಡ್ಡ ಮನೆ ಕೈಬಿಟ್ಟಿತು, ಆಕೆ ಚಿಕ್ಕ ಟೌನ್‌ಹೌಸ್‌ಗೆ ಬಂದು ವಿಕಿಯ ಬಳಿಯೇ ಕೆಲಸಕ್ಕೆ ಸೇರಿದಳು. ಒಂದೇ ಗೆಳತಿಯರ ಗುಂಪಿನಲ್ಲಿ ಒಬ್ಬಳು ಸಂಬಳ ಕೊಡುವವಳು, ಇನ್ನೊಬ್ಬಳು ತೆಗೆದುಕೊಳ್ಳುವವಳು. ಗಂಡನ ಸಿರಿಯನ್ನು ಮೈಮೇಲೆ ಹೊತ್ತವಳಿಗೆ ಮದುವೆ ಮುರಿದರೆ ಏನಾಗುತ್ತದೆ ಎನ್ನುವುದನ್ನು ಪಾರ್ಟಿಗಳ ಮಧ್ಯೆ ಈ ಕಾರ್ಯಕ್ರಮ ತನಗೇ ಗೊತ್ತಿಲ್ಲದಂತೆ ಹೇಳಿಬಿಟ್ಟಿತು.

ಎರಡನೆಯ ಎಳೆ ಸಾಲದ್ದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ನ್ಯೂಜೆರ್ಸಿ ಸರಣಿ ಶುರುವಾದದ್ದು 2009ರ ಮೇ ತಿಂಗಳಲ್ಲಿ, ಅಂದರೆ ಅಮೆರಿಕದಲ್ಲಿ ಮನೆ ಸಾಲಗಳು ಕುಸಿದು ಬಿದ್ದ ಹೊತ್ತಿನಲ್ಲಿ. ಅದರ ಮೊದಲ ಸೀಸನ್‌ನಲ್ಲೇ ತೆರೇಸಾ ಜೂಡಿಸ್ ಹೊಸ ಮನೆಗೆ ಪೀಠೋಪಕರಣ ಕೊಳ್ಳಲು ಹೋಗಿ ನೋಟಿನ ಕಂತೆಯನ್ನೇ ಎಣಿಸಿ ಕೊಡುತ್ತಾಳೆ. ಅದೇ ವರ್ಷ ಗಂಡ ಹೆಂಡತಿ ಸುಮಾರು 1.1 ಕೋಟಿ ಡಾಲರ್ ಸಾಲ ತೋರಿಸಿ ದಿವಾಳಿ ಅರ್ಜಿ ಹಾಕಿದರು. ಆ ಅರ್ಜಿಯಲ್ಲಿ ಆದಾಯ, ಆಸ್ತಿ ಮುಚ್ಚಿಟ್ಟದ್ದೂ ಸೇರಿದಂತೆ ಹಲವು ವಂಚನೆಗಳಿಗೆ 2014ರಲ್ಲಿ ಶಿಕ್ಷೆಯಾಯಿತು: ಅವಳಿಗೆ 15 ತಿಂಗಳು, ಗಂಡನಿಗೆ 41. ಆರೆಂಜ್ ಕೌಂಟಿಯ ಐದನೇ ಸೀಸನ್‌ನಲ್ಲಂತೂ ಒಂದು ಕುಟುಂಬಕ್ಕೆ ಬಾಡಿಗೆ ಮನೆ ಖಾಲಿ ಮಾಡಿ ಎಂಬ ನೋಟಿಸ್ ಬಂದದ್ದು ಕ್ಯಾಮೆರಾ ಎದುರೇ. ಕೈಯಲ್ಲಿ ಇಲ್ಲದವರೇ ಹೆಚ್ಚು ತೋರಿಸಬೇಕಾದ ಪರಿಸ್ಥಿತಿ ಇದು. ನೆರೆಯವರಿಗೆ ಸಮನಾಗಿ ಖರ್ಚು ಮಾಡದಿದ್ದರೆ ಮರ್ಯಾದೆ ಹೋಯಿತು ಎಂದುಕೊಳ್ಳುವವರ ಬಗ್ಗೆಯೇ ವೆಬ್ಲೆನ್ ಬರೆದದ್ದು. ಈಗ ನೆರೆಯವರ ಜಾಗದಲ್ಲಿ ಲಕ್ಷಾಂತರ ವೀಕ್ಷಕರಿದ್ದಾರೆ, ಅಷ್ಟೇ.

ಒಂದು ಕಡೆ ಮಾತ್ರ ವೆಬ್ಲೆನ್‌ನ ಲೆಕ್ಕ ತಲೆಕೆಳಗಾಗಿದೆ. ಅವನ ಕಾಲದ ಹೆಂಡತಿಗೆ ತೋರಿಕೆಯಿಂದ ಕೂಲಿ ಹುಟ್ಟುತ್ತಿರಲಿಲ್ಲ. ಇಲ್ಲಿ ತೋರಿಕೆಯೇ ಉದ್ಯೋಗ. ಗೌನು, ಮೇಕಪ್, ವಿದೇಶ ಪ್ರವಾಸ ಎಲ್ಲವೂ ಬಂಡವಾಳ. ನ್ಯೂಯಾರ್ಕ್‌ನ ಬೆಥೆನಿ ಫ್ರಾಂಕೆಲ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು. ಮೊದಲ ಸೀಸನ್‌ಗೆ ತನಗೆ ಸಿಕ್ಕಿದ್ದು 7,250 ಡಾಲರ್ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಆದರೆ ಕಾರ್ಯಕ್ರಮದ ಹೆಸರಿನ ಬಲದಲ್ಲಿ ಬೆಳೆಸಿದ ‘ಸ್ಕಿನ್ನಿಗರ್ಲ್’ ಮದ್ಯದ ಬ್ರಾಂಡನ್ನು 2011ರಲ್ಲಿ ದೊಡ್ಡ ಕಂಪನಿಯೊಂದಕ್ಕೆ ಮಾರಿದಳು. ಮುಂದೆ 2023ರಲ್ಲಿ ಹಾಲಿವುಡ್ ನಟರೂ ಬರಹಗಾರರೂ ಮುಷ್ಕರ ಹೂಡಿದ್ದಾಗ, ರಿಯಾಲಿಟಿ ಶೋದವರಿಗೂ ಸಂಘ ಬೇಕು ಎಂದು ದನಿ ಎತ್ತಿದವಳೂ ಅವಳೇ. ಧಾರಾವಾಹಿಯ ನಟರಿಗೆ ಮರುಪ್ರಸಾರದಲ್ಲಿ ಪಾಲು ಸಿಗುತ್ತದೆ, ತಮ್ಮ ಮನೆ, ಮದುವೆ, ಕಣ್ಣೀರು ವರ್ಷಗಟ್ಟಲೆ ಮತ್ತೆ ಮತ್ತೆ ಪ್ರಸಾರವಾದರೂ ತಮಗೆ ಬಿಡಿಗಾಸಿಲ್ಲ ಎಂಬುದು ಅವಳ ವಾದ.